ಪೇಪರಾ, ಪೋಸ್ಟರಾ? ವಿಧಿವಿಜ್ಞಾನ ದಂತವೈದ್ಯಕೀಯ ಸಮ್ಮೇಳನಕ್ಕೆ ಹೊರಡುವವರಿಗೆ

ಹಲ್ಲಿನಿಂದ ಮನುಷ್ಯರ ಗುರುತು, ವಯಸ್ಸು ಹೇಳುವ ನಮ್ಮ ವಿದ್ಯೆಯ ಸಮ್ಮೇಳನಕ್ಕೆ ಅಧ್ಯಯನದ ಸಾರಾಂಶ ಕಳುಹಿಸುವ ಗಡುವು ಭಾನುವಾರ ಮಧ್ಯರಾತ್ರಿಗೆ ಮುಗಿಯುವುದಾದರೆ ನನ್ನ ಕೋಣೆಯ ಬಾಗಿಲು ತಟ್ಟುವ ಸದ್ದು ಕೇಳಿಸುವುದು ಶನಿವಾರ ಮಧ್ಯಾಹ್ನ. ಹೋದ ವರ್ಷ ಹಾಗೆ ಬಂದವಳು ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ) ಎರಡನೇ ವರ್ಷದ ಹುಡುಗಿ. ಕಂಕುಳಲ್ಲಿ ಲ್ಯಾಪ್‌ಟಾಪ್, ಕೈಯಲ್ಲಿ ಕ್ಯಾಂಟೀನಿನ ಗೋಳಿಬಜೆಯ ಪೊಟ್ಟಣ. ಕೂರುವ ಮೊದಲೇ ಕೇಳಿದಳು: "ಮೇಡಂ, ಪೇಪರ್ ಹಾಕುವುದಾ, ಪೋಸ್ಟರ್ ಹಾಕುವುದಾ?"

ಮಂಗಳೂರಿನ ಸುತ್ತ ದಂತವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ದೇರಳಕಟ್ಟೆಯಲ್ಲಿ ಎರಡು, ಕುಂಟಿಕಾನದಲ್ಲಿ ಒಂದು, ಮುಕ್ಕದಲ್ಲಿ ಒಂದು, ಲೈಟ್‌ಹೌಸ್ ಹಿಲ್‌ನಲ್ಲಿ ಒಂದು, ಆಚೆ ಮಣಿಪಾಲ, ಈಚೆ ಸುಳ್ಯ. ಇಷ್ಟೂ ಕಡೆ ಪ್ರತಿವರ್ಷ ಇದೇ ಪ್ರಶ್ನೆ ಕೇಳಿಬರುತ್ತದೆ, ಹೆಚ್ಚಿನ ಕಡೆ ಒಂದೇ ಉತ್ತರವೂ ಸಿಗುತ್ತದೆ: "ಪೇಪರ್ ಹಾಕು, ಪೋಸ್ಟರಿಗೆ ಬೆಲೆ ಇಲ್ಲ." ನಾನು ಈ ಉತ್ತರವನ್ನು ಒಪ್ಪುವವಳಲ್ಲ. ಸಾರಾಂಶಗಳನ್ನು ಆರಿಸುವ ಸಮಿತಿಯಲ್ಲಿಯೂ ಕೂತಿದ್ದೇನೆ, ತೀರ್ಪುಗಾರ್ತಿಯಾಗಿ ಪೋಸ್ಟರುಗಳ ಸಾಲಿನಲ್ಲಿ ಕಾಲು ನೋಯುವಷ್ಟು ಓಡಾಡಿದ್ದೇನೆ. ಪೇಪರ್ ಎಂದು ವೇದಿಕೆಯ ಮೇಲೆ ಮಾತಾಡಿದವರಿಗೆ ಎರಡು ನಿಮಿಷದ ಪ್ರಶ್ನೋತ್ತರ ಸಿಗುತ್ತದೆ. ಅದೂ ಹಿಂದಿನವರು ಸಮಯ ಮೀರದಿದ್ದರೆ. ಪೋಸ್ಟರ್ ಪಕ್ಕ ನಿಂತವರಿಗೆ ಒಂದೂವರೆ ಗಂಟೆ ಸಿಗುತ್ತದೆ. ನಿಮಗೆ ಬೇಕಿರುವುದು ಚಪ್ಪಾಳೆಯೋ ಪ್ರಶ್ನೆಯೋ ಎನ್ನುವುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

"ನಿನ್ನ ಕೈಯಲ್ಲಿ ಏನಿದೆ?" ಎಂದು ಕೇಳಿದೆ.

"ನೂರ ನಲವತ್ತು ಓಪಿಜಿ ಇದೆ ಮೇಡಂ. ಬುದ್ಧಿಹಲ್ಲಿನಿಂದ ವಯಸ್ಸು ಹೇಳುವುದು."

ಓಪಿಜಿ ಎಂದರೆ ಎರಡೂ ದವಡೆಗಳ ಹಲ್ಲುಗಳು ಒಟ್ಟಿಗೆ ಕಾಣುವ ಎಕ್ಸ್‌ರೇ. ಅವಳ ಕಥೆಗೆ ಕೊನೆಯಲ್ಲಿ ಬರುತ್ತೇನೆ.

ವೇದಿಕೆಯ ಎಂಟು ನಿಮಿಷ

ಮೌಖಿಕ ಮಂಡನೆಗೆ ಸಾಮಾನ್ಯವಾಗಿ ಎಂಟು ನಿಮಿಷ ಕೊಡುತ್ತಾರೆ, ಕೆಲವೆಡೆ ಹತ್ತು. ನಮ್ಮವರು ಅದನ್ನು ಹೇಗೆ ಕಳೆಯುತ್ತಾರೆ ಎಂದು ಹೇಳುತ್ತೇನೆ. ಮೊದಲ ಸ್ಲೈಡಿನಲ್ಲಿ ಹೆಸರು, ಗೈಡ್, ಎಚ್‌ಒಡಿ, ಪ್ರಾಂಶುಪಾಲರು, ಕಾಲೇಜಿನ ಗೋಪುರದ ಫೋಟೋ. ಎರಡನೆಯದರಲ್ಲಿ "ಹಲ್ಲು ಮನುಷ್ಯದೇಹದ ಅತ್ಯಂತ ಗಟ್ಟಿಯಾದ ಅಂಗ". ಮೂರನೆಯದರಲ್ಲಿ ರೋಮ್. ಕ್ರಿ.ಶ. 49ರಲ್ಲಿ ನೀರೋನ ತಾಯಿ ಅಗ್ರಿಪ್ಪಿನಾ ತನ್ನ ಎದುರಾಳಿ ಲೋಲಿಯಾ ಪೌಲಿನಾಳ ತಲೆಯನ್ನು ತರಿಸಿ, ಬಾಯಿ ತೆರೆದು ಹಲ್ಲು ನೋಡಿ ಗುರುತಿಸಿದ ಕಥೆ. ನಾಲ್ಕನೆಯದರಲ್ಲಿ ಪ್ಯಾರಿಸ್‌. 1897ರ ಬಜಾರ್ ದ ಲಾ ಶಾರಿಟೆ ಬೆಂಕಿ ಅನಾಹುತ, 126 ಸಾವು, ಸುಟ್ಟ ದೇಹಗಳಲ್ಲಿ ಕೆಲವನ್ನು ಹಲ್ಲಿನಿಂದ ಗುರುತಿಸಿದ್ದು, ಆಮೇಲೆ ಆ ವಿದ್ಯೆಯ ಬಗ್ಗೆ ದಂತವೈದ್ಯ ಆಸ್ಕರ್ ಅಮೊಎಡೊ ಬರೆದ ಗ್ರಂಥ. ಸಭೆಯಲ್ಲಿ ಕೂತ ನೂರು ಮಂದಿಗೂ ಈ ಕಥೆಗಳು ಬಾಯಿಪಾಠ. ಅಗ್ರಿಪ್ಪಿನಾಳಿಂದ ಹೊರಟವರು ತಮ್ಮ ಫಲಿತಾಂಶದ ಕೋಷ್ಟಕ ತಲುಪುವ ಹೊತ್ತಿಗೆ ಅಧ್ಯಕ್ಷರ ಗಂಟೆ ಹೊಡೆದಿರುತ್ತದೆ.

ಹಾಗಾದರೆ ವೇದಿಕೆ ಯಾರಿಗೆ? ವಾದ ಇರುವವರಿಗೆ. "ಈ ವಿಧಾನ ನಮ್ಮ ಮಕ್ಕಳಲ್ಲಿ ವಯಸ್ಸನ್ನು ಹೆಚ್ಚು ತೋರಿಸುತ್ತದೆ, ಇಷ್ಟು ಹೆಚ್ಚು, ಈ ಕಾರಣಕ್ಕೆ" ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳುಗರನ್ನು ಕರೆದುಕೊಂಡು ಹೋಗಬೇಕಾದ ಅಧ್ಯಯನ ಇದ್ದರೆ ಮಾತೇ ಸರಿಯಾದ ದಾರಿ. ಅಂಕಿ ಇರಬೇಕು, ಅಂಕಿಗೆ ಹಿಂದೆ ಒಂದು ಪ್ರಶ್ನೆ ಇರಬೇಕು. ಒಂದೇ ಪ್ರಕರಣ ಹಿಡಿದುಕೊಂಡು ವೇದಿಕೆ ಹತ್ತುವುದು ಬೇಡ. ಎಂಟು ನಿಮಿಷಕ್ಕೆ ಅದು ಹೆಚ್ಚಾಯಿತು, ಇಲ್ಲವೇ ತೀರಾ ಕಡಿಮೆಯಾಯಿತು.

ಇನ್ನೊಂದು ತೊಡಕನ್ನು ಯಾರೂ ಮೊದಲೇ ಹೇಳುವುದಿಲ್ಲ. ಎಕ್ಸ್‌ರೇ ಚಿತ್ರಗಳು ಪ್ರೊಜೆಕ್ಟರಿನಲ್ಲಿ ಸೋಲುತ್ತವೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಬೇರಿನ ತುದಿ ತೆರೆದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಸಭಾಂಗಣದಲ್ಲಿ ಹಿಂಬದಿಯ ಕಿಟಕಿಯಿಂದ ಬೆಳಕು ಬಿದ್ದರೆ ಅದೇ ಚಿತ್ರ ಬೂದಿ ಬಣ್ಣದ ಮಂಜು. ಮೂರನೇ ಸಾಲಿನಲ್ಲಿ ಕೂತ ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ, ಏನೂ ಬದಲಾಗುವುದಿಲ್ಲ. ವೇದಿಕೆಗೇ ಹೋಗುವುದಾದರೆ ಪ್ರತಿ ಎಕ್ಸ್‌ರೇಯ ಪಕ್ಕದಲ್ಲಿ ಹಲ್ಲಿನ ಹೊರಗೆರೆಯನ್ನು ದಪ್ಪಗೆ ಎಳೆದ ಚಿತ್ರ ಇಡಿ.

ಪೋಸ್ಟರ್ ಪಕ್ಕದಲ್ಲಿ ನಿಲ್ಲುವುದು

ಕರಾವಳಿಯಲ್ಲಿ ಕೆಲಸ ಮಾಡುವ ನಮಗೆ ಒಳನಾಡಿನವರಿಗೆ ಅಪರೂಪವಾದ ಕೆಲವು ಸಂಗತಿಗಳು ಎದುರಾಗುತ್ತವೆ. ಸಮುದ್ರದಿಂದ ಬರುವ ದೇಹಗಳು ಅವುಗಳಲ್ಲಿ ಒಂದು. ಕೆಲವು ದಿನ ನೀರಿನಲ್ಲಿದ್ದ ದೇಹದ ಮುಖವನ್ನು ಮನೆಯವರೇ ಗುರುತಿಸಲಾರರು, ಬೆರಳ ತುದಿಯ ಚರ್ಮ ಸುಲಿದು ಬಂದಿರುತ್ತದೆ. ಬಾಯಿ ತೆರೆದರೆ ಮುಂದಿನ ಹಲ್ಲುಗಳು ಇಲ್ಲ. ಹೊಸಬರು ಥಟ್ಟನೆ "ಹಲ್ಲು ಕೀಳಿಸಿಕೊಂಡಿದ್ದವರು" ಎಂದು ಬರೆದುಬಿಡುತ್ತಾರೆ. ಮುಂದಿನ ಹಲ್ಲುಗಳಿಗೆ ಒಂದೇ ಬೇರು, ಅದೂ ನೆಟ್ಟಗೆ. ಹಲ್ಲನ್ನು ಎಲುಬಿಗೆ ಹಿಡಿದಿಡುವ ನಾರು ಕೊಳೆತ ಮೇಲೆ ಅವು ಜಾರಿ ಬೀಳುತ್ತವೆ. ಬದುಕಿದ್ದಾಗ ಕೀಳಿಸಿಕೊಂಡ ಹಲ್ಲಿನ ಗುಳಿ ಕಾಲ ಕಳೆದಂತೆ ಎಲುಬು ತುಂಬಿಕೊಂಡು, ಅಂಚು ನಯವಾಗಿ ಮುಚ್ಚಿಹೋಗುತ್ತದೆ. ಸತ್ತ ಮೇಲೆ ಬಿದ್ದದ್ದಾದರೆ ಗುಳಿ ಖಾಲಿ, ಅಂಚು ಚೂಪು, ಕೈಗವಸಿನ ಬೆರಳಿಗೂ ತಾಗುತ್ತದೆ. ಈ ಎರಡು ಗುಳಿಗಳ ಫೋಟೋಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಅದೇ ಒಂದು ಪೋಸ್ಟರ್. ಅದಕ್ಕೆ ಪೀಠಿಕೆ ಬೇಡ.

ಗುಲಾಬಿ ಹಲ್ಲು ಇನ್ನೊಂದು. ತೇವದಲ್ಲಿದ್ದ ದೇಹಗಳಲ್ಲಿ ಕೆಲವೊಮ್ಮೆ ಹಲ್ಲಿನ ಕುತ್ತಿಗೆಯ ಭಾಗ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ರಕ್ತದ ಹಿಮೋಗ್ಲೋಬಿನ್ ಒಳಗಿನ ತಿರುಳಿನಿಂದ ಎನಾಮೆಲ್ ಕೆಳಗಿನ ಪದರವಾದ ಡೆಂಟಿನ್‌ನ ಸೂಕ್ಷ್ಮ ನಾಳಗಳಿಗೆ ಇಳಿದು ಆಗುವ ಬಣ್ಣ ಅದು. ಹಿಂದೆ ಇದನ್ನು ಕತ್ತು ಹಿಸುಕಿದ್ದರ ಗುರುತು ಎಂದು ನಂಬಿದವರಿದ್ದರು. ಸಾವಿನ ಕಾರಣವನ್ನು ಅದು ಹೇಳುವುದಿಲ್ಲ ಎಂದು ಈಗ ಒಪ್ಪಿಕೊಂಡಿದ್ದಾರೆ. ಇಂಥದನ್ನು ನೋಡಿಯೇ ತಿಳಿಯಬೇಕು, ಕೇಳಿದರೆ ಸಾಲದು. ಪೋಸ್ಟರಿನ ಮುಂದೆ ನಿಂತವರು ಹತ್ತಿರ ಬಾಗಿ ನೋಡಬಹುದು, ಹಿಂದೆ ಸರಿದು ನೋಡಬಹುದು, ಪಕ್ಕದವರನ್ನು ಕರೆದು ತೋರಿಸಬಹುದು. ಶವಾಗಾರದಲ್ಲಿ ಮೂವತ್ತು ವರ್ಷ ಕಳೆದ ವಿಧಿವಿಜ್ಞಾನ ವೈದ್ಯರೊಬ್ಬರು ನಿಮ್ಮ ಚಿತ್ರದ ಮುಂದೆ ನಿಂತು "ಇದು ಎಷ್ಟು ದಿನ ನೀರಿನಲ್ಲಿತ್ತು? ಸಿಹಿನೀರೋ ಉಪ್ಪುನೀರೋ?" ಎಂದು ಕೇಳಿದರೆ, ನಿಮ್ಮ ಮುಂದಿನ ಎರಡು ವರ್ಷಗಳ ಕೆಲಸ ಅಲ್ಲೇ ಹುಟ್ಟಿತು. ವೇದಿಕೆಯಲ್ಲಿ ಆ ಪ್ರಶ್ನೆಗೆ ಸಮಯವಿರುವುದಿಲ್ಲ.

ಪೋಸ್ಟರಿನ ಕಷ್ಟಗಳೂ ಕಡಿಮೆಯಲ್ಲ. ಮೂರಡಿ ನಾಲ್ಕಡಿಯ ಫ್ಲೆಕ್ಸಿನಲ್ಲಿ ಇಡೀ ಪ್ರಬಂಧವನ್ನೇ ಅಂಟಿಸುವ ಚಾಳಿ ನಮ್ಮವರಿಗಿದೆ. ಅದನ್ನು ಓದಲು ಸ್ಟೂಲ್ ಬೇಕು, ತಾಳ್ಮೆ ಬೇಕು, ಎರಡೂ ಯಾರಲ್ಲೂ ಇರುವುದಿಲ್ಲ. ಮುದ್ರಿಸುವ ಮೊದಲು ವಿಭಾಗದ ಗೋಡೆಗೆ ಕಾಗದದ ಪ್ರತಿ ಅಂಟಿಸಿ, ಚಹಾ ತರುವ ಅಣ್ಣನನ್ನು ನಿಲ್ಲಿಸಿ "ಇದರಲ್ಲಿ ಏನು ಕಾಣುತ್ತದೆ?" ಎಂದು ಕೇಳುವುದು ನನ್ನ ಪದ್ಧತಿ. ಅವರು ಮೊದಲು ಬೆರಳು ತೋರಿಸುವುದು ಕಾಲೇಜಿನ ಲಾಂಛನಕ್ಕಾದರೆ ಪೋಸ್ಟರ್ ಕೆಟ್ಟಿದೆ ಎಂದರ್ಥ. ಅಂದಹಾಗೆ ತುಳುವಿನಲ್ಲಿ ಹಲ್ಲಿಗೆ ಕೂಲಿ ಎನ್ನುತ್ತಾರೆ. ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಯೊಬ್ಬ, "ಕೂಲಿ ಬೇನೆ" ಎಂದು ಬಂದ ಅಜ್ಜಿಯನ್ನು ಕೂಲಿ ಕೆಲಸದಿಂದ ಮೈಕೈ ನೋವೆಂದು ತಿಳಿದು ಪಕ್ಕದ ಆಸ್ಪತ್ರೆಗೆ ಕಳುಹಿಸಿದ್ದ.

ಸಾಗಿಸುವ ಬಗ್ಗೆ ಎರಡು ಮಾತು. ಜುಲೈಯಲ್ಲಿ ಮಣಿಪಾಲದಿಂದ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸುರುಳಿ ಸುತ್ತಿದ ಫ್ಲೆಕ್ಸ್ ಹಿಡಿದು ನಿಂತವರಿಗೆ ನಾನು ಹೇಳಬೇಕಾದ್ದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕಿಂಚಿನ ಪಿವಿಸಿ ಪೈಪ್ ಮೂರೂವರೆ ಅಡಿ ಕತ್ತರಿಸಿ ಕೊಡುತ್ತಾರೆ, ಎರಡು ಕಡೆಗೆ ಮುಚ್ಚಳ ಹಾಕಿದರೆ ಯಾವ ಮಳೆಗೂ ಜಗ್ಗುವುದಿಲ್ಲ. ವಿಮಾನದಲ್ಲಿ ಹೋಗುವವರು ಬಟ್ಟೆಯ ಮೇಲೆ ಮುದ್ರಿಸಿಕೊಂಡು ಮಡಚಿ ಚೀಲದಲ್ಲಿಡುವುದು ಲೇಸು.

ಇ-ಪೋಸ್ಟರ್ ಮತ್ತು ಮೇಜಿನ ಪ್ರದರ್ಶನ

ಇ-ಪೋಸ್ಟರ್ ಎಂದರೆ ಟಿವಿ ಪರದೆಯಲ್ಲಿ ತೋರಿಸುವುದು. ಮುದ್ರಣದ ಖರ್ಚಿಲ್ಲ, ಪೈಪಿನ ಗೋಜಿಲ್ಲ, ಬೇರಿನ ತುದಿಯನ್ನು ಹಿಗ್ಗಿಸಿ ತೋರಿಸಬಹುದು. ಆದರೆ ಒಂದೇ ಪರದೆಗೆ ಇಪ್ಪತ್ತು ಮಂದಿಯ ಸರದಿ, ತಲಾ ನಾಲ್ಕೈದು ನಿಮಿಷ. ಪೋಸ್ಟರಿನ ಒಂದೂವರೆ ಗಂಟೆ ಇಲ್ಲಿ ಸಿಗುವುದಿಲ್ಲ. ವೇದಿಕೆಯ ಅವಸರ, ಪೋಸ್ಟರಿನ ಅಂತಸ್ತು, ಎರಡರ ಅನನುಕೂಲವೂ ಸೇರಿದ ಹಾಗೆ ನನಗೆ ಕಾಣುತ್ತದೆ. ಬೇರೆ ಆಯ್ಕೆ ಇದ್ದರೆ ಬಿಟ್ಟುಬಿಡಿ.

ಮೇಜಿನ ಮೇಲಿನ ಪ್ರದರ್ಶನಕ್ಕೆ ಅವಕಾಶ ಕೊಡುವ ಸಮ್ಮೇಳನ ಸಿಕ್ಕಿದರೆ ಮಾತ್ರ ಕೈತಪ್ಪಿಸಿಕೊಳ್ಳಬೇಡಿ. ನಾನು ಕಂಡ ಒಳ್ಳೆಯ ಪ್ರದರ್ಶನವೊಂದರಲ್ಲಿ ಇದ್ದದ್ದು ಬರೀ ಸುಟ್ಟ ಹಲ್ಲುಗಳು. ಕಿತ್ತ ಹಲ್ಲುಗಳನ್ನು ಕುಲುಮೆಯಲ್ಲಿ ಬೇರೆ ಬೇರೆ ಶಾಖಕ್ಕೆ ಒಡ್ಡಿ ಸಾಲಾಗಿ ಜೋಡಿಸಿದ್ದರು. ಮೊದಲನೆಯದು ಕಂದು, ಆಮೇಲೆ ಇದ್ದಿಲ ಕಪ್ಪು, ಆಮೇಲೆ ಬೂದು, ಕೊನೆಯದು ಸುಣ್ಣದ ಬಿಳಿ. ಆ ಬಿಳಿ ಹಲ್ಲನ್ನು ಇಕ್ಕಳದಿಂದ ಎತ್ತಲು ಹೇಳಿದರು. ಎತ್ತಿದ್ದೇ ತಡ, ಎನಾಮೆಲ್ ಟೊಪ್ಪಿಯಂತೆ ಕಳಚಿ ಪುಡಿಯಾಯಿತು. ಎರಡನೆಯದಕ್ಕೆ ಸೈನೊಅಕ್ರಿಲೇಟ್ ಅಂಟು ಹನಿಸಿ ಗಟ್ಟಿಮಾಡಿದ್ದರು, ಅದು ಕೈಗೆ ಇಡಿಯಾಗಿ ಬಂತು. ಸುಟ್ಟ ದೇಹದ ಹಲ್ಲನ್ನು ಸ್ಥಳದಿಂದ ಅಲುಗಾಡಿಸುವ ಮೊದಲು ಅಂಟು ಹಾಕಿ ಎನ್ನುವ ಪಾಠವನ್ನು ನಾನು ಹತ್ತು ಪುಸ್ತಕದಲ್ಲಿ ಓದಿದ್ದೆ. ಕಲಿತದ್ದು ಆ ಮೇಜಿನಲ್ಲಿ.

ಕಾರ್ಯಾಗಾರ ನಡೆಸಲು ಹೊಸಬರು ಮುಂದಾಗುವುದು ಬೇಡ. ಆಹ್ವಾನಿತ ಉಪನ್ಯಾಸವನ್ನು ಯಾರೂ ಆಯ್ದುಕೊಳ್ಳುವುದಿಲ್ಲ, ಅದು ತಾನಾಗಿ ಬರುತ್ತದೆ.

ವಿಷಯಗಳಲ್ಲಿ ಯಾವುದು

ವಯಸ್ಸಿನ ಅಂದಾಜು, ಕಚ್ಚಿದ ಗುರುತು, ತುಟಿಯ ಅಚ್ಚು, ಅಂಗುಳಿನ ಮಡಿಕೆ, ದುರಂತದಲ್ಲಿ ಗುರುತಿಸುವಿಕೆ. ಬರುವ ಸಾರಾಂಶಗಳಲ್ಲಿ ಹೆಚ್ಚಿನವು ಈ ಐದರೊಳಗೇ ಇರುತ್ತವೆ.

ತುಟಿಯ ಅಚ್ಚನ್ನು ಮೊದಲು ಮುಗಿಸಿಬಿಡೋಣ. ಮೊದಲ ವರ್ಷದ ಬಿಡಿಎಸ್ ಮಕ್ಕಳನ್ನು ಸಾಲಾಗಿ ಕೂರಿಸಿ, ಲಿಪ್‌ಸ್ಟಿಕ್ ಹಚ್ಚಿಸಿ, ಸೆಲ್ಲೋಟೇಪಿನಲ್ಲಿ ಅಚ್ಚು ತೆಗೆದು, ಸುಝುಕಿ ಮತ್ತು ತ್ಸುಚಿಹಾಶಿ 1970ರಲ್ಲಿ ಮಾಡಿದ ವರ್ಗೀಕರಣಕ್ಕೆ ಹೊಂದಿಸಿ, ಹುಡುಗರಲ್ಲಿ ಇಂಥ ಮಾದರಿ ಹುಡುಗಿಯರಲ್ಲಿ ಇಂಥದು ಎಂದು ಹೇಳುವ ಅಧ್ಯಯನ ಪ್ರತಿ ಸಮ್ಮೇಳನಕ್ಕೂ ರಾಶಿ ಬರುತ್ತದೆ. ಸುಲಭ, ಅಗ್ಗ, ಎರಡು ವಾರದಲ್ಲಿ ಆಗುತ್ತದೆ. ಸಮಿತಿಯಲ್ಲಿ ಕೂತವರು ಅದನ್ನು ಪಕ್ಕಕ್ಕಿಡಲು ಇವೇ ಕಾರಣ ಸಾಕು.

ಅಂಗುಳಿನ ಮಡಿಕೆ ಸ್ವಲ್ಪ ವಾಸಿ. ಕೆನ್ನೆ, ನಾಲಿಗೆ, ಹಲ್ಲುಗಳ ನಡುವೆ ಅವು ಮರೆಯಲ್ಲಿರುವುದರಿಂದ ಬೆಂಕಿಯಲ್ಲಿಯೂ ಸಾಕಷ್ಟು ಹೊತ್ತು ಉಳಿಯುತ್ತವೆ, ಹಲ್ಲೇ ಇಲ್ಲದ ಮುದುಕರಲ್ಲಿ ಅವೇ ಆಸರೆ. ಆದರೆ ಹೋಲಿಸಿ ನೋಡಲು ಬದುಕಿದ್ದಾಗಿನ ಅಚ್ಚು ಬೇಕಲ್ಲ? ಹಲ್ಲಿನ ಸೆಟ್ ಮಾಡಿಸಿಕೊಂಡವರ ಪ್ಲಾಸ್ಟರ್ ಅಚ್ಚುಗಳು ನಮ್ಮ ಕ್ಲಿನಿಕ್ಕುಗಳಲ್ಲಿ ಎಷ್ಟು ದಿನ ಉಳಿಯುತ್ತವೆ? ಸೆಟ್ ಕೊಟ್ಟ ಮರುವಾರ ಕಸದ ಬುಟ್ಟಿಗೆ. ಉಡುಪಿಯ ಹತ್ತು ಕ್ಲಿನಿಕ್ಕುಗಳಿಗೆ ಹೋಗಿ "ನಿಮ್ಮಲ್ಲಿ ಎಷ್ಟು ವರ್ಷದ ಅಚ್ಚು ಇದೆ, ಎಷ್ಟು ವರ್ಷದ ಎಕ್ಸ್‌ರೇ ಇದೆ, ಹೆಸರು ಹೇಳಿದರೆ ಎಷ್ಟು ನಿಮಿಷದಲ್ಲಿ ಹುಡುಕಿ ಕೊಡುತ್ತೀರಿ?" ಎಂದು ಕೇಳಿ ಬಂದು ಯಾರಾದರೂ ಮಂಡಿಸಿದರೆ ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಹಲವು ದೇಹಗಳನ್ನು ಗುರುತಿಸಲು ಹೈದರಾಬಾದಿನ ಪ್ರಯೋಗಾಲಯದ ಡಿಎನ್ಎ ಪರೀಕ್ಷೆಗೆ ಮೊರೆಹೋಗಬೇಕಾಯಿತು, ಗುರುತು ಸಿಗದ ದೇಹಗಳನ್ನು ಒಟ್ಟಿಗೆ ಮಣ್ಣು ಮಾಡಬೇಕಾಯಿತು. ಇಂಟರ್‌ಪೋಲ್ ಒಪ್ಪುವ ಮೂರು ಮುಖ್ಯ ಗುರುತುಗಳು ಬೆರಳಚ್ಚು, ಹಲ್ಲು, ಡಿಎನ್ಎ. ಬದುಕಿದ್ದಾಗಿನ ವಿವರಕ್ಕೆ ಹಳದಿ ನಮೂನೆ, ದೇಹದ ವಿವರಕ್ಕೆ ಗುಲಾಬಿ ನಮೂನೆ; ಎರಡನ್ನೂ ಎದುರುಬದುರು ಇಟ್ಟು ನೋಡುವುದೇ ಕೆಲಸ. 2004ರ ಸುನಾಮಿಯ ನಂತರ ಥಾಯ್ಲೆಂಡಿನಲ್ಲಿ ಮೊದಲ ತಿಂಗಳುಗಳಲ್ಲಿ ಗುರುತು ಹಿಡಿದವರಲ್ಲಿ ಹೆಚ್ಚಿನವರು ಹಲ್ಲಿನ ದಾಖಲೆಯಿಂದಲೇ ಸಿಕ್ಕಿದರು. ಸಿಕ್ಕವರು ಬಹುಪಾಲು ಹೊರದೇಶದ ಪ್ರವಾಸಿಗರು, ಏಕೆಂದರೆ ಅವರ ಊರಿನ ದಂತವೈದ್ಯರ ಬಳಿ ಹಳದಿ ನಮೂನೆ ತುಂಬುವಷ್ಟು ದಾಖಲೆ ಇತ್ತು. ನಮ್ಮ ಗಲ್ಫ್ ಉದ್ಯೋಗಿಗಳು ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದು ರೂಟ್ ಕೆನಾಲ್ ಮಾಡಿಸಿಕೊಂಡು ಹೋಗುವವರು. ಅವರ ಹಳದಿ ನಮೂನೆ ಹಂಪನಕಟ್ಟೆಯ ಯಾವುದೋ ಕ್ಲಿನಿಕ್ಕಿನ ಕಪಾಟಿನಲ್ಲಿ ಇರಬೇಕು, ಅಥವಾ ರೋಗಿಯ ಕೈಗೇ ಕೊಟ್ಟ ಲಕೋಟೆಯಲ್ಲಿ ಎಲ್ಲೋ ಕಳೆದುಹೋಗಿರಬೇಕು. ಇದಕ್ಕಿಂತ ಒಳ್ಳೆಯ ಅಧ್ಯಯನ ವಿಷಯ ಈ ಜಿಲ್ಲೆಗಳಲ್ಲಿ ಇಲ್ಲ, ಮತ್ತು ಅದು ಖಾಸಗಿ ಕ್ಲಿನಿಕ್ ನಡೆಸುವವರ ಕೈಯಲ್ಲಿದೆ, ಪಿಜಿಗಳ ಕೈಯಲ್ಲಲ್ಲ. ಅಂಕಿಗಳು ಸಿಕ್ಕರೆ ವೇದಿಕೆಗೆ, ಒಂದು ಕಪಾಟಿನ ಫೋಟೋ ಮಾತ್ರ ಸಿಕ್ಕರೆ ಪೋಸ್ಟರಿಗೆ.

ಕಚ್ಚಿದ ಗುರುತಿನ ವಿಷಯ ಮುಟ್ಟುವವರು ಎರಡು ಸಲ ಯೋಚಿಸಬೇಕು. ನಮ್ಮ ರಾಜ್ಯಕ್ಕೆ ಇದರಲ್ಲಿ ಹೆಸರಿದೆ. 2012ರ ದೆಹಲಿಯ ನಿರ್ಭಯಾ ಪ್ರಕರಣದಲ್ಲಿ ಕಚ್ಚಿದ ಗುರುತುಗಳನ್ನು ಪರಿಶೀಲಿಸಿ ವರದಿ ಕೊಟ್ಟವರು ಧಾರವಾಡದ ಡಾ. ಅಶಿತ್ ಆಚಾರ್ಯ. 2017ರ ಮೇ 5ರ ಸುಪ್ರೀಂ ಕೋರ್ಟ್ ತೀರ್ಪು ಆ ಸಾಕ್ಷ್ಯವನ್ನು ಪರಿಗಣಿಸಿತು. ಹಾಗಾಗಿ ಎಲ್ಲರಿಗೂ ಉತ್ಸಾಹ. ನಾಣ್ಯದ ಇನ್ನೊಂದು ಮುಖ ಅಮೆರಿಕದಲ್ಲಿದೆ. ರೇ ಕ್ರೋನ್ ಎಂಬವನನ್ನು 1992ರಲ್ಲಿ ಮುಖ್ಯವಾಗಿ ಕಚ್ಚಿದ ಗುರುತಿನ ಆಧಾರದಿಂದಲೇ ಅಪರಾಧಿ ಎಂದರು, 2002ರಲ್ಲಿ ಡಿಎನ್ಎ ಪರೀಕ್ಷೆ ಅವನನ್ನು ನಿರ್ದೋಷಿ ಎಂದಿತು. ಈ ವಿದ್ಯೆಗೆ ವೈಜ್ಞಾನಿಕ ತಳಹದಿ ಸಾಲದು ಎಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿಯೂ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 2022ರ ಕರಡು ವರದಿಯೂ ಹೇಳಿದವು. ಚರ್ಮ ಮೇಣವಲ್ಲ; ಅದು ಎಳೆದುಕೊಳ್ಳುತ್ತದೆ, ಊದಿಕೊಳ್ಳುತ್ತದೆ, ಬಣ್ಣ ಬದಲಿಸುತ್ತದೆ. "ಈ ಹಲ್ಲಿನದೇ ಈ ಗುರುತು" ಎಂಬ ಶೀರ್ಷಿಕೆ ಹೊತ್ತು ವೇದಿಕೆ ಹತ್ತಿದರೆ ಆ ಎರಡು ನಿಮಿಷದ ಪ್ರಶ್ನೋತ್ತರವೇ ಪಾಟೀಸವಾಲಾಗುತ್ತದೆ.

ಅದೇ ವಿಷಯವನ್ನು ದಾಖಲಿಸುವ ಕಡೆಯಿಂದ ಹಿಡಿಯಬಹುದು. ಎಲ್ ಆಕಾರದ ಅಳತೆಪಟ್ಟಿ ಇಟ್ಟು ಕ್ಯಾಮೆರಾವನ್ನು ಗಾಯಕ್ಕೆ ನೇರವಾಗಿ ಹಿಡಿದು ತೆಗೆದ ಚಿತ್ರ, ಓರೆಯಾಗಿ ತೆಗೆದ ಚಿತ್ರ, ಎರಡರಲ್ಲಿ ಅಳತೆ ಎಷ್ಟು ವ್ಯತ್ಯಾಸವಾಯಿತು ಎನ್ನುವುದು. ಗಾಯ ತೊಳೆಯುವ ಮೊದಲು ಒಂದು ಒದ್ದೆ ಹತ್ತಿಯಿಂದ, ಹಿಂದೆಯೇ ಒಂದು ಒಣ ಹತ್ತಿಯಿಂದ ಎಂಜಲನ್ನು ಒರೆಸಿ ಡಿಎನ್ಎಗೆ ಕಳುಹಿಸುವ ಕ್ರಮ. ತಾಲೂಕು ಆಸ್ಪತ್ರೆಯ ವೈದ್ಯರಿಗೂ ಇದು ಉಪಯೋಗ. ಇದಕ್ಕೆ ಪೋಸ್ಟರ್, ಕಣ್ಣುಮುಚ್ಚಿ ಪೋಸ್ಟರ್.

ಇನ್ನು ವಯಸ್ಸು. ನ್ಯಾಯಾಲಯಕ್ಕೆ ನಿಜವಾಗಿ ಬೇಕಿರುವುದು ಇದು. ಪೋಕ್ಸೊ ಪ್ರಕರಣಗಳಲ್ಲಿ ಹದಿನೆಂಟರ ಗೆರೆ ದಾಟಿದೆಯೇ ಇಲ್ಲವೇ ಎನ್ನುವುದರ ಮೇಲೆ ಎಲ್ಲವೂ ನಿಂತಿರುತ್ತದೆ. ಆದರೆ ನಮ್ಮವರು ಮರೆಯುವ ಮಾತೊಂದಿದೆ: 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಮೊದಲು ಶಾಲೆಯ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಹಲ್ಲು ಕೊನೆಯ ಸಾಕ್ಷಿ. ಇದನ್ನು ಒಂದು ಸಾಲಿನಲ್ಲಿ ಹೇಳಿದವರ ಮೇಲೆ ತೀರ್ಪುಗಾರರಿಗೆ ಗೌರವ ಮೂಡುತ್ತದೆ. ವಿಧಾನಗಳಲ್ಲಿ ಡೆಮಿರ್ಜಿಯನ್ 1973ರಲ್ಲಿ ಕೆನಡಾದ ಫ್ರೆಂಚ್ ಮೂಲದ ಮಕ್ಕಳ ಕೆಳದವಡೆಯ ಏಳು ಹಲ್ಲುಗಳಿಂದ ಕಟ್ಟಿದ್ದು ಎಲ್ಲರಿಗೂ ಪರಿಚಿತ, ನಮ್ಮ ಮಕ್ಕಳಲ್ಲಿ ಅದು ವಯಸ್ಸನ್ನು ಹೆಚ್ಚು ಹೇಳುತ್ತದೆ ಎನ್ನುವುದೂ ಹಳೆಯ ಸುದ್ದಿ. ಅದನ್ನೇ ಮತ್ತೊಮ್ಮೆ ಸಾಬೀತುಪಡಿಸಲು ವೇದಿಕೆ ಕೇಳಬೇಡಿ. ಕ್ಯಾಮೆರಿಯರೆ 2008ರಲ್ಲಿ ತಂದ ಬುದ್ಧಿಹಲ್ಲಿನ ಸೂಚ್ಯಂಕದ 0.08 ಎಂಬ ಗೆರೆ ನಮ್ಮ ಕರಾವಳಿಯ ಹದಿನಾರು ಹದಿನೇಳರವರನ್ನು ಎಷ್ಟು ಸಲ ತಪ್ಪಾಗಿ ವಯಸ್ಕರೆನ್ನುತ್ತದೆ ಎನ್ನುವುದು ಮಾತ್ರ ನಿಜಕ್ಕೂ ಕೇಳಬೇಕಾದ ಪ್ರಶ್ನೆ. ವಯಸ್ಸು ಏರಿದಂತೆ ಬೇರಿನ ತುದಿ ಮುಚ್ಚುತ್ತಾ ಬರುತ್ತದೆ; ತೆರೆದ ತುದಿಗಳ ಅಗಲವನ್ನು ಕೂಡಿಸಿ ಹಲ್ಲಿನ ಉದ್ದದಿಂದ ಭಾಗಿಸುವುದಷ್ಟೇ ಲೆಕ್ಕ, 0.08ಕ್ಕಿಂತ ಕಡಿಮೆ ಬಂದರೆ ವಯಸ್ಕರು. ಎರಡು ವಾರ ಬಿಟ್ಟು ನೀವೇ ಮತ್ತೆ ಅಳೆದಾಗ ಅದೇ ಅಂಕಿ ಬಂತೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ.

ಕಪ್ಪು ಪಟ್ಟಿ ಎಲ್ಲಿ ಹಾಕಬೇಕು

ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ನನ್ನ ಮೊದಲ ಪೋಸ್ಟರಿನಲ್ಲಿ ರೋಗಿಯ ಕಣ್ಣಿಗೆ ಕಪ್ಪು ಪಟ್ಟಿ ಹಾಕಿ ಬೀಗಿದ್ದೆ. ಕೆಳಗೆ ಬಾಯಿ ತೆರೆದ ದೊಡ್ಡ ಚಿತ್ರ, ಪಕ್ಕದಲ್ಲಿ ಓಪಿಜಿ, ಓಪಿಜಿಯ ಎಡಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಆತನ ಪೂರ್ತಿ ಹೆಸರು. ಹಿರಿಯರೊಬ್ಬರು ಬಂದು, ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಹೇಳಿದರು: "ಹಲ್ಲಿನಿಂದ ಮನುಷ್ಯನನ್ನು ಗುರುತಿಸಬಹುದು ಎನ್ನುತ್ತೀರಿ. ಹಲ್ಲನ್ನೇ ತೋರಿಸಿ ಕಣ್ಣು ಮುಚ್ಚಿದ್ದೀರಲ್ಲಮ್ಮ!" ಹೆಸರನ್ನು ಅವರು ಬೆರಳಿನಿಂದ ತೋರಿಸಿದರು, ಬಾಯಿಬಿಟ್ಟು ಹೇಳಲಿಲ್ಲ. ಉಳಿದ ಒಂದು ಗಂಟೆ ಆ ಮೂಲೆಗೆ ಒರಗಿಕೊಂಡೇ ನಿಂತಿದ್ದೆ.

ಪೋಸ್ಟರಿಗೂ ವೇದಿಕೆಗೂ ಇರುವ ಒಂದು ದೊಡ್ಡ ವ್ಯತ್ಯಾಸ ಇಲ್ಲಿದೆ. ಸ್ಲೈಡ್ ಹತ್ತು ಸೆಕೆಂಡು ನಿಂತು ಹೋಗುತ್ತದೆ. ಪೋಸ್ಟರ್ ದಿನವಿಡೀ ಗೋಡೆಯ ಮೇಲಿರುತ್ತದೆ, ನೀವು ಊಟಕ್ಕೆ ಹೋದಾಗ ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಿರುತ್ತಾರೆ. ಹಾಗಾಗಿ ಸೂಕ್ಷ್ಮ ಪ್ರಕರಣವಾದರೆ, ಅದರಲ್ಲೂ ಮಗುವಿಗೆ ಸಂಬಂಧಿಸಿದ್ದಾದರೆ, ಪೋಸ್ಟರ್ ಬೇಡವೇ ಬೇಡ. ಪೋಕ್ಸೊ ಕಾಯ್ದೆ ಮಗುವಿನ ಗುರುತು ಬಯಲು ಮಾಡುವುದನ್ನು ನಿಷೇಧಿಸಿದೆ, ಊರು ಮತ್ತು ವಯಸ್ಸು ಸೇರಿದರೆ ನಮ್ಮಂಥ ಸಣ್ಣ ಜಿಲ್ಲೆಯಲ್ಲಿ ಹೆಸರೇ ಬೇಕಾಗುವುದಿಲ್ಲ. ವಿಚಾರಣೆ ನಡೆಯುತ್ತಿರುವ ಪ್ರಕರಣವನ್ನು ಎಲ್ಲಿಯೂ ತೋರಿಸಬೇಡಿ. ಮರಣೋತ್ತರ ಪರೀಕ್ಷೆಯಲ್ಲಿ ನೀವು ಹಲ್ಲು ನೋಡಲು ಕರೆಸಿಕೊಂಡವರು ಮಾತ್ರ. ವಿಧಿವಿಜ್ಞಾನ ವಿಭಾಗದ ಲಿಖಿತ ಒಪ್ಪಿಗೆ, ಎಥಿಕ್ಸ್ ಕಮಿಟಿಯ ಪತ್ರ ಎರಡೂ ಸಾರಾಂಶ ಕಳುಹಿಸುವ ಮೊದಲೇ ಕೈಯಲ್ಲಿರಬೇಕು. ಕಮಿಟಿ ಕೂಡುವುದು ನಿಮ್ಮ ಗಡುವು ನೋಡಿಕೊಂಡಲ್ಲ.

ಹಲ್ಲಿನ ಸಂಖ್ಯೆಯನ್ನು ಎಫ್‌ಡಿಐ (ವಿಶ್ವ ದಂತವೈದ್ಯ ಒಕ್ಕೂಟ) ಎರಡಂಕಿಯ ಪದ್ಧತಿಯಲ್ಲೇ ಬರೆಯಿರಿ. ನಮ್ಮ 18 ಎಂದರೆ ಮೇಲಿನ ಬಲಗಡೆಯ ಬುದ್ಧಿಹಲ್ಲು. ಅಮೆರಿಕದ ಪದ್ಧತಿಯಲ್ಲಿ ಅದೇ 18 ಕೆಳಗಿನ ಎಡಗಡೆಯ ಎರಡನೇ ದವಡೆಹಲ್ಲು. ಯಾವ ಪದ್ಧತಿ ಎಂದು ಹೇಳದೆ ಸಂಖ್ಯೆ ಹಾಕಿದ ಸಾರಾಂಶಗಳನ್ನು ನಾನು ಹಿಂದಕ್ಕೆ ಕಳುಹಿಸಿದ್ದೇನೆ.

ಯಾವ ಸಮ್ಮೇಳನಕ್ಕೆ

ಭಾರತೀಯ ವಿಧಿವಿಜ್ಞಾನ ದಂತವೈದ್ಯ ಸಂಘದ ಸಮ್ಮೇಳನಕ್ಕೆ ಹೋದರೆ ಕೇಳುವವರು ನಿಮ್ಮದೇ ವಿದ್ಯೆ ಬಲ್ಲವರು, ವಿಧಾನದ ತಪ್ಪು ಥಟ್ಟನೆ ಹಿಡಿಯುತ್ತಾರೆ. ಬಾಯಿಯ ರೋಗಶಾಸ್ತ್ರದವರ ಸಮ್ಮೇಳನದಲ್ಲಿ ವಿಧಿವಿಜ್ಞಾನ ಒಂದು ಮೂಲೆಯ ಅಧಿವೇಶನ. ಪಿಜಿಗಳಿಗೆ ಅಭ್ಯಾಸಕ್ಕೆ ಒಳ್ಳೆಯದು. ನನ್ನ ಮಾತು ಕೇಳುವುದಾದರೆ ವಯಸ್ಸಿನ ಅಂದಾಜು ಮತ್ತು ಸಮುದ್ರದ ದೇಹಗಳ ವಿಷಯವನ್ನು ವಿಧಿವಿಜ್ಞಾನ ವೈದ್ಯರ ಸಮ್ಮೇಳನಕ್ಕೇ ಒಯ್ಯಿರಿ. ಶವಾಗಾರಕ್ಕೆ ದಂತವೈದ್ಯರನ್ನು ಕರೆಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರು. ಅಲ್ಲಿ ನಾವು ಹೊರಗಿನವರು, ಪೋಸ್ಟರಿನ ಮುಂದೆ ನಿಂತು ಕೇಳುವ ಪ್ರಶ್ನೆಗಳು ಒರಟಾಗಿರುತ್ತವೆ, ಅಷ್ಟೇ ಉಪಕಾರಿಯೂ ಆಗಿರುತ್ತವೆ. ದಾಖಲೆ ಇಡುವ ವಿಷಯವಾದರೆ ಯಾವ ರಾಷ್ಟ್ರೀಯ ಸಮ್ಮೇಳನವೂ ಬೇಡ, ಊರಿನ ದಂತವೈದ್ಯ ಸಂಘದ ಭಾನುವಾರದ ಸಭೆ ಸಾಕು. ಕಪಾಟು ಇರುವವರು ಅಲ್ಲಿ ಕೂತಿರುತ್ತಾರೆ.

ಆ ಹುಡುಗಿಯ ಓಪಿಜಿಗಳಿಗೆ ಬರುತ್ತೇನೆ. "ಹುಟ್ಟಿದ ತಾರೀಕು ಎಲ್ಲಿದೆ?" ಎಂದು ಕೇಳಿದೆ. ರಿಜಿಸ್ಟರ್ ತರಿಸಿದಳು. ಹೆಸರಿನ ಮುಂದೆ 17/ಎಫ್, 19/ಎಂ, 16/ಎಫ್ ಎಂದು ಮಾತ್ರ ಇತ್ತು. ಹದಿನೇಳು ಎಂದರೆ ಹದಿನೇಳು ತುಂಬಿ ಒಂದು ದಿನವೋ, ಹದಿನೆಂಟಕ್ಕೆ ಒಂದು ದಿನ ಬಾಕಿಯೋ? ಹದಿನೆಂಟರ ಗೆರೆಯನ್ನು ಪರೀಕ್ಷಿಸಹೊರಟ ಅಧ್ಯಯನಕ್ಕೆ ಒಂದು ವರ್ಷದ ಮಬ್ಬು! ಶನಿವಾರ ಸಂಜೆಯವರೆಗೆ ಕೂತು ಕಡತಗಳಲ್ಲಿ ಆಧಾರ್ ಪ್ರತಿಯೋ ಶಾಲೆಯ ಗುರುತುಚೀಟಿಯೋ ಲಗತ್ತಿಸಿದ್ದವನ್ನು ಹುಡುಕಿದೆವು. ನೂರ ನಲವತ್ತು ಮೂವತ್ತೊಂದಕ್ಕೆ ಇಳಿಯಿತು. ಅವಳ ಕಣ್ಣು ತುಂಬಿಬಂತು. ಗೋಳಿಬಜೆ ಆಗಲೇ ತಣ್ಣಗಾಗಿತ್ತು.

ಮೂವತ್ತೊಂದಕ್ಕೆ ವೇದಿಕೆ ಇಲ್ಲ. ಪೋಸ್ಟರ್ ಹಾಕಿದಳು, ವಿಧಿವಿಜ್ಞಾನ ವೈದ್ಯರ ಸಮ್ಮೇಳನಕ್ಕೆ. ಮಧ್ಯದಲ್ಲಿ ರಿಜಿಸ್ಟರಿನ ಒಂದು ಪುಟದ ಚಿತ್ರ, ಹೆಸರಿನ ಕಾಲಂ ಪೂರ್ತಿ ಮುಚ್ಚಿ, ವಯಸ್ಸಿನ ಕಾಲಂ ಮಾತ್ರ ತೆರೆದು. ಪಕ್ಕದಲ್ಲಿ ಬೇರಿನ ತುದಿ ತೆರೆದ ಒಂದು ಹಲ್ಲು, ಮುಚ್ಚಿದ ಒಂದು ಹಲ್ಲು. ಬಹುಮಾನ ಬರಲಿಲ್ಲ. ಬಿಳಿ ಗಡ್ಡದ ವೈದ್ಯರೊಬ್ಬರು ಇಪ್ಪತ್ತು ನಿಮಿಷ ಅದರ ಮುಂದೆ ನಿಂತಿದ್ದರಂತೆ, ತಮ್ಮ ಆಸ್ಪತ್ರೆಯ ಎಕ್ಸ್‌ರೇ ಚೀಟಿಯಲ್ಲಿಯೂ ಹೀಗೇ ಬರೆಯುವುದು ಎಂದರಂತೆ. ಈ ಜೂನ್‌ನಿಂದ ನಮ್ಮ ಹೊರರೋಗಿ ವಿಭಾಗದ ರಿಜಿಸ್ಟರಿಗೆ ಒಂದು ಹೊಸ ಕಾಲಂ ಸೇರಿದೆ. ಅದನ್ನು ಸ್ಕೇಲ್ ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದವಳು ಅವಳೇ, ಅಚ್ಚಾದ ಹೊಸ ಪುಸ್ತಕ ಬರುವವರೆಗೆ.